ಟೂ ಬೈ ತ್ರೀ ಅಪ್ಪ

ನಿನ್ನೆ ಸಂಜೆ ಮೂರು ಜನ ಟೂ ಬೈ ತ್ರೀ ಕಾಫಿ ಹೇಳಿ ಕೂತಿದ್ದೆವು. ರಾನ್ ಮ್ಯೂಕ್ ಅನ್ನೋ ಶಿಲ್ಪಿಯ ವಿಷಯ ತೆಗೆದದ್ದು ನನ್ನದೇ ತಪ್ಪು.

"1958ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದವನು. ಅಪ್ಪ ಅಮ್ಮ ಆಟದ ಸಾಮಾನು ಮಾಡುತ್ತಿದ್ದರು, ಇವನು ಮಕ್ಕಳ ಟಿವಿಗೆ ಬೊಂಬೆ ಮಾಡಿದ, ಲಂಡನ್ನಿಗೆ ಹೋಗಿ ಜಾಹೀರಾತಿಗೆ ಮಾಡೆಲ್ ಮಾಡಿದ, ಕೊನೆಗೆ 1996ರಲ್ಲಿ ಅತ್ತೆ ಒಂದು ಪಿನೋಕಿಯೋ, ಅದೇ ಮಕ್ಕಳ ಕಥೆಯ ಮರದ ಹುಡುಗ, ಮಾಡಿಸಿಕೊಂಡರು. ಅತ್ತೆ ಅಂದ್ರೆ ಸುಮ್ನೆ ಅಲ್ಲ, ಪೌಲಾ ರೇಗೊ, ದೊಡ್ಡ ಪೇಂಟರ್. ಆ ಬೊಂಬೆ ಚಾರ್ಲ್ಸ್ ಸಾಚಿ ಕಣ್ಣಿಗೆ ಬಿತ್ತು. ಕಲೆಗೆ ದುಡ್ಡು ಸುರಿಯೋ ಆಸಾಮಿ. ಅಲ್ಲಿಂದ ಇವನ ದೆಸೆ ತಿರುಗಿತು."

"ಅತ್ತೆ ಕೆಲಸ ಮಾಡಿಕೊಟ್ಟು ಉದ್ಧಾರವಾದ ಅಳಿಯ ಇವನೊಬ್ಬನೇ," ಅಂದರು ಲಾಯರ್. "ನಾನು ನಮ್ಮತ್ತೆಗೆ ಮಿಕ್ಸಿ ರಿಪೇರಿ ಮಾಡಿಸಿಕೊಟ್ಟೆ. ಮಾರನೇ ವಾರ ಗ್ರೈಂಡರ್ ಬಂತು."

"ಪೂರ್ತಿ ಕೇಳಿ ಸ್ವಾಮಿ. ತೀರಿಕೊಂಡ ತನ್ನ ಅಪ್ಪನನ್ನೇ ಮಾಡಿದ. 1997ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಇಟ್ಟರು. ಬರೀ ಮೈ, ಅಂಗಾತ ಮಲಗಿದ್ದಾರೆ, ಅಂಗೈ ಎರಡೂ ಮೇಲಕ್ಕೆ. ಮೊದಲು ಜೇಡಿಮಣ್ಣು, ಆಮೇಲೆ ಅಚ್ಚು, ಆಮೇಲೆ ಸಿಲಿಕೋನ್ ಚರ್ಮ. ಅದಕ್ಕೆ ಹಚ್ಚಿದ ಕೂದಲು ಸ್ವತಃ ಮಗನದೇ."

ಮೇಷ್ಟ್ರು ತಲೆ ಸವರಿಕೊಂಡರು. ಸವರೋಕೆ ಅಲ್ಲಿ ಜಾಸ್ತಿ ಏನೂ ಇಲ್ಲ. "ನಾನು ಶಿಲ್ಪಿಯಾಗೋ ದಾರಿ ಮುಚ್ಚಿತು ಬಿಡು."

"ಉದ್ದ ಮಾತ್ರ ಒಂದು ಮೀಟರ್ ಚಿಲ್ಲರೆ."

"ಟೂ ಬೈ ತ್ರೀ ಅಪ್ಪ," ಅಂದರು ಲಾಯರ್. "ಸಿಲಿಕೋನ್ ದುಬಾರಿ ಅಲ್ವಾ!"

ಇಲ್ಲ, ಇವನ ಗುಟ್ಟೇ ಅದು. ಮುಖದಲ್ಲಿ ಅಳು, ಕೋಪ ಅಂತ ಕೆತ್ತೋ ಗೋಜಿಗೆ ಹೋಗೋದು ಕಡಿಮೆ, ಅಳತೆ ಬದಲಾಯಿಸಿಬಿಡುತ್ತಾನೆ. ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ ಒಬ್ಬ ಹುಡುಗ ಕುಕ್ಕರುಗಾಲಲ್ಲಿ ಕೂತಿದ್ದಾನೆ, ಕೂತರೇ ಹತ್ತಿರ ಹತ್ತಿರ 5 ಮೀಟರ್, ಆದರೂ ಹೆದರಿರೋನು ಅವನೇ ಅನ್ನಿಸುತ್ತೆ. ಇನ್ನೊಂದು 2013ರದು, ಹುಡುಗ ಹುಡುಗಿ ಜೋಡಿ, ಮೂರಡಿ ಎತ್ತರ. ಎದುರಿಂದ ನೋಡಿದರೆ ಮುದ್ದಾದ ಜೋಡಿ. ಹಿಂದೆ ಹೋದರೆ ಅವನು ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾನೆ.

"ನನ್ನ ಆಫೀಸಿಗೆ ಬರೋ ಕೇಸೆಲ್ಲ ಹಿಂಬದಿಯದೇ," ಅಂದರು ಲಾಯರ್. "ಎದುರುಗಡೆಯದು ಮದುವೆ ಆಲ್ಬಮ್‌ನಲ್ಲಿ ಇರುತ್ತೆ."

ಮೇಷ್ಟ್ರು ನಗಲಿಲ್ಲ. ಲೋಟ ತಿರುಗಿಸುತ್ತಾ ಇದ್ದರು. "ನಮ್ಮಪ್ಪ ಮಲಗಿದರೆ ಕಾಲು ಚಾಪೆಯಿಂದ ಆಚೆ ಬರುತ್ತಿತ್ತು ಕಣಯ್ಯಾ. ಹೋದ ದಿನ ಅದೇ ಚಾಪೆ ಮೇಲೆ ಮಲಗಿಸಿದೆವು. ಕೆಳಗೆ ಇನ್ನೂ ಜಾಗ ಇತ್ತು."

ಯಾರೂ ಮಾತಾಡಲಿಲ್ಲ. ಲಾಯರ್ ಫೋನ್ ಕುಂಯ್‌ಗುಟ್ಟಿತು. ನೋಡಿದರು, ಅತ್ತೆ.

"ತಗೊಳ್ರೀ," ಅಂದರು ಮೇಷ್ಟ್ರು ಕಣ್ಣೊರೆಸಿಕೊಂಡು. "ಪಿನೋಕಿಯೋ ಇರಬಹುದು."