ಸಹಾಯ ಬೇಕು: ಇತಿಹಾಸ ವಿಭಾಗ ಗಟ್ಟಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಗಳಿಗೆ ಇತಿಹಾಸ, ತತ್ವಶಾಸ್ತ್ರ ಎರಡರಲ್ಲೂ ಆಸಕ್ತಿ. ಪದವಿಗೆ ಕಾಲೇಜು ಹುಡುಕುತ್ತಿದ್ದೇವೆ. ನಾನು ನೋಡಿದ ರ‍್ಯಾಂಕಿಂಗ್ ಪಟ್ಟಿಗಳು ಇಡೀ ಕಾಲೇಜಿಗೆ ಅಂಕ ಕೊಡುತ್ತವೆ, ಒಂದು ವಿಭಾಗದ ಒಳಗುಟ್ಟು ಅದರಿಂದ ಗೊತ್ತಾಗುವುದಿಲ್ಲ. ಹಾಗಾಗಿ ಕಾಯಂ ಅಧ್ಯಾಪಕರೆಷ್ಟು, ಅತಿಥಿ ಉಪನ್ಯಾಸಕರೆಷ್ಟು ಎಂದು ಎಣಿಸಿದೆ. ಕೈಪಿಡಿಯಲ್ಲಿರುವ ಐಚ್ಛಿಕ ವಿಷಯಗಳನ್ನು ಕಳೆದ 2 ವರ್ಷಗಳ ವೇಳಾಪಟ್ಟಿಯ ಜೊತೆ ತಾಳೆ ನೋಡಿದೆ. ಒಂದು ಕಡೆ ಅರ್ಧಕ್ಕರ್ಧ ವಿಷಯಗಳ ಪಾಠವೇ ನಡೆದಿಲ್ಲ! ತುಂಬಾ ಬೇಸರವಾಯಿತು.

ನನಗೆ ತಿಳಿಯದಿರುವುದು ಇದು: ಮಕ್ಕಳು ಬರೆದ ಪ್ರಬಂಧಗಳನ್ನು ಅಧ್ಯಾಪಕರು ಓದಿ, ತಿದ್ದಿ, ಟಿಪ್ಪಣಿ ಹಾಕಿ ಹಿಂದಿರುಗಿಸುತ್ತಾರೆಯೇ? ಮೂಲ ಆಕರಗಳನ್ನು (ಆಯಾ ಕಾಲದ ದಾಖಲೆ, ಗ್ರಂಥಗಳನ್ನೇ) ಓದಿಸುತ್ತಾರೋ, ಬರೀ ನೋಟ್ಸ್ ಬರೆಸುತ್ತಾರೋ? ನನ್ನ ಮಟ್ಟಿಗೆ ಮಾನವಿಕ ವಿಷಯಗಳ ಜೀವಾಳವೇ ಅದು. ಹೊರಗಿನವರು ಇದನ್ನು ಪತ್ತೆಹಚ್ಚುವುದು ಹೇಗೆ? ಒಂದು ದಿನ ತರಗತಿಯಲ್ಲಿ ಕೂರಲು ಕೇಳಬಹುದೇ? ಈ ವಿಷಯಗಳನ್ನು ಓದಿದವರು, ಪಾಠ ಮಾಡುವವರು ದಯವಿಟ್ಟು ತಿಳಿಸಿ.