ಮನೆ ಜಾಗದ ಅಡಿ ಹಳೇ ಸುರಂಗ ಉಂಟಾ ಅಂತ ಮೇಲಿಂದಲೇ ಗೊತ್ತಾಗ್ತದಾ?

ತೋಟದಮನೆ: ನಮ್ದು ವಿಟ್ಲದ ಹತ್ರ, ಗುಡ್ಡದ ಬದಿ ಮನೆ ಕಟ್ಲಿಕ್ಕೆ ಜಾಗ ಲೆವೆಲ್ ಮಾಡಿಸ್ತಾ ಇದ್ದೇವೆ. ಅಜ್ಜನ ಕಾಲದಲ್ಲಿ ತೋಟಕ್ಕೆ ನೀರು ಬರ್ತಿದ್ದ ಸುರಂಗ ಒಂದಿತ್ತು, ಅದ್ರ ಬಾಯಿ ಕುಸಿದು ಮುಚ್ಚಿ ಎಷ್ಟೋ ವರ್ಷ ಆಯ್ತು, ಒಳಗೆ ಯಾವ ಕಡೆ ತಿರುಗಿದೆ ಅಂತ ಹೇಳುವವರು ಯಾರೂ ಉಳಿದಿಲ್ಲ. ಮೊನ್ನೆ ಜೆಸಿಬಿ ಬಕೆಟ್ ಊರಿದಾಗ ಒಂದು ಕಡೆ ನೆಲ ಟೊಳ್ಳು ಟೊಳ್ಳು ಶಬ್ದ ಬಂತು, ಅಮ್ಮ ಹೆದರಿ ಕೆಲಸ ನಿಲ್ಲಿಸಿದ್ರು. ಎಲೆಕ್ಟ್ರೋಮ್ಯಾಗ್ನೆಟಿಕ್ ಸರ್ವೆ ಮಾಡಿಸಿದ್ರೆ ಕಾಣ್ತದಾ?

ಭೂಭೌತ: ಕೆಲಸ ನಿಲ್ಲಿಸಿದ್ದು ಒಳ್ಳೇದಾಯ್ತು ಸರ್. ಇದ್ರಲ್ಲಿ ಎರಡು ಥರ ಇದೆ. ಎರಡು ಕಾಯಿಲ್ ಹಿಡ್ಕೊಂಡು ನಡೆಯೋ ಮೆಷಿನ್ ನೆಲದಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ಅಳೆಯುತ್ತೆ, ಖಾಲಿ ಸುರಂಗದಲ್ಲಿ ಕರೆಂಟೇ ಹರಿಯಲ್ಲ, ಹಾಗಾಗಿ ಎರಡಡಿ ಅಗಲದ್ದು ಆಳದಲ್ಲಿದ್ರೆ ತಪ್ಪಿ ಹೋಗುತ್ತೆ. ಒಳಗೆ ಒದ್ದೆ ಮಣ್ಣು ತುಂಬಿದ್ರೆ ಕಾಣೋ ಚಾನ್ಸ್ ಜಾಸ್ತಿ. ಹತ್ರ ತಂತಿಬೇಲಿ, ಜಿಐ ಪೈಪು, ಕರೆಂಟ್ ಲೈನ್ ಇದ್ರೆ ರೀಡಿಂಗ್ ಕೆಡುತ್ತೆ.

ಇನ್ನೊಂದು ಜಿಪಿಆರ್, ಅಂದ್ರೆ ಗ್ರೌಂಡ್ ಪೆನಿಟ್ರೇಟಿಂಗ್ ರಾಡಾರ್, ನೆಲದೊಳಗೆ ರೇಡಿಯೋ ಅಲೆ ಕಳಿಸಿ ಪ್ರತಿಫಲನ ಹಿಡಿಯೋದು. ಗಾಳಿಯಲ್ಲಿ ಅಲೆ ನ್ಯಾನೋಸೆಕೆಂಡಿಗೆ 30 ಸೆಂ.ಮೀ. ಓಡುತ್ತೆ, ಒದ್ದೆ ಜೇಡಿಯಲ್ಲಿ 6 ಸೆಂ.ಮೀ. ಆಸುಪಾಸು, ಆ ವ್ಯತ್ಯಾಸಕ್ಕೇ ಟೊಳ್ಳು ಎದ್ದು ಕಾಣೋದು. ಆದ್ರೆ ನಿಮ್ಮ ಕಡೆ ಮುರಕಲ್ಲಿನ (ಜಂಬಿಟ್ಟಿಗೆ) ಕೆಳಗೆ ಶೇಡಿ ಮಣ್ಣು, ಅಂದ್ರೆ ಮೆತ್ತನೆ ಜೇಡಿ, ಇರುತ್ತಲ್ಲ, ಅದು ಒದ್ದೆಯಾದ್ರೆ ಅಲೆಯನ್ನ ನುಂಗಿಬಿಡುತ್ತೆ, ಮಳೆಗಾಲದಲ್ಲಿ ಮಾಡಿಸಿದ್ರೆ ದುಡ್ಡು ದಂಡ. ಮಾರ್ಚ್–ಏಪ್ರಿಲ್‌ನಲ್ಲಿ ಮಾಡಿಸಿ, 400 ಮೆಗಾಹರ್ಟ್ಸ್ ಆಂಟೆನಾ ಮಾತ್ರ ತಂದ್ರೆ ಸಾಲಲ್ಲ, ಇನ್ನೂ ಆಳಕ್ಕೆ ನೋಡೋ 100ರದ್ದೂ ಬೇಕು ಅಂತ ಮೊದಲೇ ಕೇಳಿ. ಸುರಂಗ ಹೋಗಿರಬಹುದು ಅನ್ನೋ ದಿಕ್ಕಿಗೆ ಅಡ್ಡವಾಗಿ ಮೀಟರಿಗೊಂದು ಸಾಲು ಎಳೆಸಿ. ಒಂದೇ ಸಾಲಿನ ಚಿತ್ರದಲ್ಲಿ ಕೊಡೆ ಬಿಚ್ಚಿದ ಹಾಗೆ ಕಮಾನು ಬಂದ್ರೆ ಅದು ಬಂಡೆನೂ ಆಗಿರಬಹುದು, ಸಾಲು ಸಾಲಲ್ಲೂ ಮುಂದುವರಿದ್ರೆ ಸುರಂಗ ಅಂತ ಅನುಮಾನ ಪಡಬಹುದು.

ಬಾಯಾರುಕರೆ: ನಮ್ಮಲ್ಲೂ ಇದೇ ಕತೆ ಮಾರಾಯ್ರೆ. ಜಿಪಿಆರ್‌ನಲ್ಲಿ ನಾಲ್ಕು ಸಾಲಲ್ಲಿ ಕಮಾನು ಬಂತು, ಅಲ್ಲಿ ಸಣ್ಣ ತೂತು ಕೊರೆಸಿದ್ರು, 9 ಅಡಿಗೆ ರಾಡ್ ಸರ್ರನೆ ಕೆಳಗೆ ಜಾರಿತು, ನೋಡ್ತಾ ನಿಂತವರಿಗೆಲ್ಲ ಎದೆ ಧಸಕ್ಕಂತು. ಕೊರೆಯದೆ ನಂಬ್ಬೇಡಿ. ಮತ್ತೆ ದಯವಿಟ್ಟು ಹಳೇ ಬಾಯಿ ಬಿಡಿಸಿ ಯಾರನ್ನೂ ಒಳಗೆ ಕಳಿಸ್ಬೇಡಿ, ಗಾಳಿ ಇರೂದಿಲ್ಲ.

ತೋಟದಮನೆ: ತುಂಬಾ ಉಪಕಾರ. ಇಲ್ಲೊಬ್ರು ರಾಡ್ ಊರಿ ನೆಲಕ್ಕೆ ಕರೆಂಟ್ ಬಿಟ್ಟು ಅಳೆಯುವ ರೆಸಿಸ್ಟಿವಿಟಿ ಸರ್ವೆ ಮಾಡಿಸಿ ಅಂದ್ರು, ಬೇಸಿಗೆಯಲ್ಲಿ ಮುರಕಲ್ಲು ಒಣಗಿರ್ತದಲ್ಲ, ಕರೆಂಟ್ ಇಳೀತದಾ?

ಭೂಭೌತ: ಇಳಿಯುತ್ತೆ, ಪ್ರತಿ ರಾಡಿನ ಬುಡಕ್ಕೆ ಉಪ್ಪುನೀರು ಹೊಯ್ತಾರೆ. ಜಿಪಿಆರ್ ಜೊತೆ ಅದನ್ನೂ ಅದೇ ಸಾಲಲ್ಲಿ ಮಾಡಿಸಿ, ಎರಡರಲ್ಲೂ ಒಂದೇ ಜಾಗ ತೋರಿಸಿದ್ರೆ ಅಲ್ಲೇ ಮೊದಲು ಕೊರೆಸಿ.