ಪದಚರ್ಚೆ: 'ಸೀಮೆಹುಳ' ಅಂತ ಬರೆದರೆ ತಪ್ಪಾಗುತ್ತದಾ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ಕೈಗೆ ಸಿಕ್ಕಿಹಾಕಿಕೊಂಡಿದ್ದೇನೆ. ಹತ್ತು ದಿನವಾಯಿತು, ಬಿಡಿಸಿಕೊಳ್ಳಲು ಆಗುತ್ತಿಲ್ಲ.

ಮಂಡ್ಯದಲ್ಲಿ ನಾವು ನಾಲ್ಕು ಜನ ಸೇರಿ ಹೈಸ್ಕೂಲು ಮಕ್ಕಳಿಗೆಂದು ಒಂದು ಸಣ್ಣ ವಿಜ್ಞಾನ ಪತ್ರಿಕೆ ತರುತ್ತೇವೆ. ಈ ಸಲ ಅಂಟಾರ್ಕ್ಟಿಕಾದ ಒಂದು ಹುಳದ ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎರೆಟ್ಮಾಪ್ಟೆರಾ ಮರ್ಫಿ ಅಂತ ಅದರ ಹೆಸರು. ಕೆಲವೇ ಮಿಲಿಮೀಟರ್ ಉದ್ದ. ನೊಣ, ಸೊಳ್ಳೆಗಳ ನೆಂಟ, ಆದರೆ ಹಾರುವುದಿಲ್ಲ. ರೆಕ್ಕೆ ಇರಬೇಕಾದ ಜಾಗದಲ್ಲಿ ಮೋಟು ಮಾತ್ರ. ಗಂಡು ಬೇಕಾಗಿಲ್ಲ, ಹೆಣ್ಣೊಂದೇ ಮೊಟ್ಟೆಯಿಟ್ಟು ಸಂಸಾರ ಬೆಳೆಸುತ್ತದೆ. ಇದರ ಹುಟ್ಟೂರು ದಕ್ಷಿಣ ಅಟ್ಲಾಂಟಿಕ್ ಸಾಗರದ ಸೌತ್ ಜಾರ್ಜಿಯಾ ದ್ವೀಪ. 1960ರ ದಶಕದಲ್ಲಿ ಅಲ್ಲಿಂದ ಕೆಲವು ಗಿಡಗಳನ್ನು ತಂದು, ಇನ್ನೂ ತೆಂಕಣದ, ಅಂಟಾರ್ಕ್ಟಿಕಾಕ್ಕೆ ಸೇರಿದ ಸಿಗ್ನಿ ದ್ವೀಪದಲ್ಲಿ ನೆಟ್ಟು, ಬದುಕುತ್ತವಾ ಎಂದು ನೋಡಿದರು. ಬೇರಿನ ಮಣ್ಣಿನ ಜೊತೆ ಈ ಹುಳವೂ ಬಂತು. ಪ್ರಯೋಗ ಮುಗಿಯಿತು, ಹುಳ ಉಳಿಯಿತು. ಜೆಸಮಿನ್ ಬಾರ್ಟ್‌ಲೆಟ್ ಎಂಬ ಪರಿಸರ ವಿಜ್ಞಾನಿ, ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯವರ ಜೊತೆ ಸೇರಿ ಇದರ ಮೇಲೆ ಕೆಲಸ ಮಾಡಿದ್ದಾರೆ.

ಇಂಥ ಜೀವಿಗಳಿಗೆ ನಮ್ಮ ಪತ್ರಿಕೆಗಳಲ್ಲಿ 'ಆಕ್ರಮಣಕಾರಿ ಪ್ರಭೇದ' ಎಂದು ಬರೆಯುತ್ತಾರೆ. ಮೊದಲ ಕರಡಿನಲ್ಲಿ ನಾನೂ ಹಾಗೇ ಬರೆದೆ. ಆಮೇಲೆ ಓದಿದಾಗ ನಗು ಬಂತು. ಆಕ್ರಮಣ ಅಂದರೆ ದಂಡೆತ್ತಿ ಬರುವುದು. ಪಕ್ಕದ ಬಂಡೆಗೂ ಹಾರಲಾಗದ ಹುಳ ಅದು. ಹೊತ್ತು ತಂದವರು ನಾವು, ಆಕ್ರಮಣ ಮಾಡಿದ್ದು ಅದು ಅಂತೆ!

ಸರಿ, ಬೇರೆ ಪದ ಹುಡುಕೋಣ ಅಂತ ಕೂತೆ. 'ವಲಸೆ ಜೀವಿ' ಅಂತ ಒಬ್ಬರು ಸೂಚಿಸಿದರು. ಒಪ್ಪಲಾಗಲಿಲ್ಲ. ವಲಸೆ ಅಂದರೆ ತಾನೇ ಬಂದು ತಾನೇ ಹೋಗುವುದು. ನಂಜನಗೂಡಿನ ಹತ್ತಿರದ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತದಲ್ಲ, ಅದು ವಲಸೆ. ಆ ಹಕ್ಕಿಗೂ ಈ ಹುಳಕ್ಕೂ ಒಂದೇ ಹೆಸರು ಕೊಟ್ಟರೆ ಮಕ್ಕಳು ಕೆಟ್ಟರು.

'ವಿದೇಶಿ' ಅನ್ನೋಣ ಅಂದರೆ ಅಲ್ಲಿ ದೇಶವೇ ಇಲ್ಲ. 1959ರ ಒಪ್ಪಂದದ ಪ್ರಕಾರ ಅಂಟಾರ್ಕ್ಟಿಕಾದ ಮೇಲೆ ಯಾರೂ ಹೊಸದಾಗಿ ಹಕ್ಕು ಹೂಡುವಂತಿಲ್ಲ. ದೇಶವಿಲ್ಲದ ಜಾಗದಲ್ಲಿ ದೇಸಿ ಯಾವುದು, ವಿದೇಶಿ ಯಾವುದು? 'ಪರದೇಶಿ' ಅಂದರಂತೂ ಕಥೆ ಬೇರೆಯೇ. ನಮ್ಮ ಕಡೆ ಪರದೇಶಿ ಅಂದರೆ ದಿಕ್ಕಿಲ್ಲದವನು. ಓದಿದ ಮಕ್ಕಳು 'ಅಯ್ಯೋ ಪಾಪ' ಅಂದುಬಿಡುತ್ತಾರೆ.

ಅಲ್ಲೇ ಹುಟ್ಟಿ ಬೆಳೆದ ಜೀವಿಗೆ ಏನನ್ನಬೇಕು ಎಂಬುದೂ ಸುಲಭವಿಲ್ಲ. ಅಂಟಾರ್ಕ್ಟಿಕಾದಲ್ಲಿ ಹೂ ಬಿಡುವ ಸ್ವಂತ ಗಿಡ ಇರುವುದೇ ಎರಡು. ಒಂದು ಹುಲ್ಲು, ಇನ್ನೊಂದು ನೆಲಕ್ಕೆ ಅಂಟಿಕೊಂಡು ಮೆತ್ತೆಯ ಹಾಗೆ ಬೆಳೆಯುವ ಪುಟ್ಟ ಗಿಡ. ನಮ್ಮ ಗದ್ದೆ ಬದುವಿನ ಮೇಲೆ ಒಂದು ಗೇಣು ಜಾಗದಲ್ಲಿ ಇದಕ್ಕಿಂತ ಜಾಸ್ತಿ ಸಿಗುತ್ತವೆ. ಇವಕ್ಕೆ 'ನಾಟಿ ಗಿಡ' ಅಂತ ಬರೆದೆ. ನಾಟಿ ಕೋಳಿ, ನಾಟಿ ಟೊಮ್ಯಾಟೊ ಅನ್ನುವ ಹಾಗೆ. ಎರಡು ಸಾಲು ಕೆಳಗೆ ಬಂದರೆ ಸೌತ್ ಜಾರ್ಜಿಯಾದ ಗಿಡಗಳನ್ನು ಸಿಗ್ನಿಯಲ್ಲಿ 'ನಾಟಿ ಮಾಡಿದರು' ಎಂದು ನಾನೇ ಬರೆದಿದ್ದೇನೆ! ನಾಟಿ ಮಾಡಿದ ಗಿಡ ನಾಟಿ ಅಲ್ಲ, ನಾಟಿ ಗಿಡವನ್ನು ಯಾರೂ ನಾಟಿ ಮಾಡಿಲ್ಲ. ಈ ಪದಕ್ಕೆ ಇವೆರಡೂ ಅರ್ಥ ಹೇಗೆ ಬಂದವು? ಗೊತ್ತಿದ್ದವರು ದಯವಿಟ್ಟು ಹೇಳಿ, ಇದು ನನ್ನ ಅಡ್ಡಪ್ರಶ್ನೆ.

ಹಾಗೆ ತಡಕಾಡುತ್ತಿರುವಾಗ ಹೊಳೆದದ್ದು 'ಸೀಮೆ'. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ, ಸೀಮೆಜಾಲಿ. ಕಡಲಾಚೆಯಿಂದ ಬಂದದ್ದಕ್ಕೆಲ್ಲ ನಮ್ಮ ಹಿರಿಯರು ಯಾವ ಸಮಿತಿಯನ್ನೂ ಕೂರಿಸದೆ ಅಂಟಿಸಿದ ಪದ ಇದು. ಬೈಗುಳವೂ ಅಲ್ಲ, ಹೊಗಳಿಕೆಯೂ ಅಲ್ಲ. 'ಇದು ಹೊರಗಿಂದ ಬಂದದ್ದು ಕಣಪ್ಪಾ' ಅಂತ ಸುಮ್ನೆ ಒಂದು ಗುರುತು. ಸಿಗ್ನಿಯ ಹುಳ 'ಸೀಮೆಹುಳ' ಆದರೆ ಮಕ್ಕಳಿಗೆ ಹೇಳಿಕೊಡುವ ಕೆಲಸವೇ ಇಲ್ಲ. ತೊಡಕು ಒಂದೇ. 'ನಮ್ಮ ಸೀಮೆ', 'ಹಳೇ ಮೈಸೂರು ಸೀಮೆ' ಅಂದಾಗ ಅದೇ ಪದ ನಮ್ಮದೇ ನೆಲವನ್ನು ಹೇಳುತ್ತದೆ. ನಮ್ಮ ಸೀಮೆಯ ಹಸು ಬೇರೆ, ಸೀಮೆಹಸು ಬೇರೆ. ಸಮಾಸವಾದಾಗ ಮಾತ್ರ ಹೊರಗಿನದು ಎಂಬ ಅರ್ಥ ಅಂತ ಇಟ್ಟುಕೊಂಡರೆ ಸಾಕು ಅಂತ ನನಗನ್ನಿಸುತ್ತದೆ.

ಆದರೆ ಸೀಮೆ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಹೊರಗಿಂದ ಬಂದದ್ದೆಲ್ಲ ಕೆಟ್ಟದ್ದಲ್ಲ. ಸೀಮೆಬದನೆ ಯಾರ ಹೊಲವನ್ನೂ ಹಾಳು ಮಾಡಿಲ್ಲ. ಹೊರಗಿಂದ ಬಂದು, ಬೇರೂರಿ, ಹಬ್ಬಿ, ಅಲ್ಲಿದ್ದವರಿಗೆ ತೊಂದರೆ ಕೊಡುವುದಕ್ಕೆ ಇನ್ನೊಂದು ಪದ ಬೇಕು. ಬಂಡೀಪುರದ ಲಂಟಾನ, ರಸ್ತೆ ಬದಿಯ ಕಾಂಗ್ರೆಸ್ ಗಿಡ, ಈ ಥರದವು. 'ಕಳೆ' ಎಂದರೆ ಗಿಡಕ್ಕೆ ಮಾತ್ರ ಆಯಿತು. ಸೌತ್ ಜಾರ್ಜಿಯಾಕ್ಕೆ ತಿಮಿಂಗಿಲ ಬೇಟೆಯವರು 1911ರಲ್ಲಿ ಹಿಮಸಾರಂಗ ತಂದು ಬಿಟ್ಟರು, ಅದಕ್ಕೂ ಮೊದಲೇ ಹಡಗುಗಳ ಜೊತೆ ಇಲಿಯೂ ಇಳಿದಿತ್ತು. ಇಲಿಯನ್ನು ಕಳೆ ಅನ್ನಲು ಆಗುವುದಿಲ್ಲ. (ಸಾರಂಗವನ್ನು 'ತಂದರು', ಇಲಿ 'ಬಂತು'. ಒಂದು ಪದದಲ್ಲಿ ಎಷ್ಟು ವ್ಯತ್ಯಾಸ ನೋಡಿ. ಆ ದ್ವೀಪ ಇಲಿಮುಕ್ತ ಎಂದು ಸಾರಿದ್ದು 2018ರಲ್ಲಿ.)

'ಒತ್ತುವರಿ ಜೀವಿ' ಹೇಗೆ? ಮೈಸೂರು, ಮಂಡ್ಯದಲ್ಲಿ ಕೆರೆ ಒತ್ತುವರಿ, ಬದು ಒತ್ತುವರಿ ಗೊತ್ತಿಲ್ಲದವರು ಯಾರೂ ಇಲ್ಲ. ಗದ್ದಲವಿಲ್ಲದೆ ವರ್ಷಕ್ಕೊಂದು ಗೇಣು ಸರಿಯುವುದು. ಲಂಟಾನಕ್ಕೆ ಈ ಪದ ಅಚ್ಚುಕಟ್ಟಾಗಿ ಕೂರುತ್ತದೆ. ಈ ಹುಳದ ಮುಂದೆ ಮಾತ್ರ ಸೋಲುತ್ತದೆ. ಯಾಕೆಂದರೆ ಇದು ಯಾರ ಜಾಗವನ್ನೂ ಒತ್ತಿದಂತೆ ಕಾಣುವುದಿಲ್ಲ. ಸತ್ತ ಪಾಚಿ, ಕೊಳೆತ ಸೊಪ್ಪುಸದೆ ತಿನ್ನುತ್ತದೆ. ಎರೆಹುಳುವೇ ಇಲ್ಲದ ನೆಲದಲ್ಲಿ ಎರೆಹುಳುವಿನ ಕೆಲಸ ಮಾಡುತ್ತದೆ. ಇದು ಇರುವ ಕಡೆ ಮಣ್ಣಿನಲ್ಲಿ ನೈಟ್ರೇಟು ಮೂರರಿಂದ ಐದು ಪಟ್ಟು ಜಾಸ್ತಿಯಾಗಿದೆ. ಸೀಲ್‌ಗಳು ಮಲಗಿ ಹೊಲಸು ಮಾಡುವ ಜಾಗದಷ್ಟೇ ಗೊಬ್ಬರ!

ಇದನ್ನು ಪಕ್ಕದ ಮನೆಯ ರೈತರಿಗೆ ಓದಿ ಹೇಳಿದೆ. ಅವರು ಕೇಳಿದ್ದು ಹೀಗೆ: 'ಪುಕ್ಕಟೆ ಗೊಬ್ಬರ ಮಾಡೋ ಹುಳಾನ ಯಾಕ್ ಸಾರ್ ಬೈತಿದ್ದೀರಿ? ನಮ್ಮ ಗದ್ದೆಗೆ ಕಳಿಸಕ್ಕೆ ಹೇಳಿ.'

ನನಗೆ ಉತ್ತರ ತೋಚಲಿಲ್ಲ. ಮನೆಗೆ ಬಂದ ಮೇಲೆ ಅರ್ಥವಾಯಿತು. ಕಳೆ, ಪೀಡೆ, ಪಿಡುಗು, ಒತ್ತುವರಿ, ಇವೆಲ್ಲ ರೈತನ ನಷ್ಟವನ್ನು ನೋಡಿ ಹುಟ್ಟಿದ ಪದಗಳು. ಅಲ್ಲಿ ರೈತನೇ ಇಲ್ಲ. ಅಲ್ಲಿರುವುದು ಬಡ ಮಣ್ಣಿಗೇ ಒಗ್ಗಿಕೊಂಡ ಪಾಚಿ, ಕಲ್ಲುಹೂವು. ಮಣ್ಣು ಸಾರವಾದರೆ ಅವಕ್ಕೆ ಲಾಭವಿಲ್ಲ, ಹೊರಗಿಂದ ಬರುವ ಹುಲ್ಲಿಗೆ ಲಾಭ. ಅಂಥ ಹುಲ್ಲೊಂದು ಅಂಟಾರ್ಕ್ಟಿಕಾದಲ್ಲಿರುವ ಪೋಲೆಂಡಿನವರ ಆರ್ಕ್ಟೌಸ್ಕಿ ಸಂಶೋಧನಾ ನೆಲೆಯ ಬಳಿ 1980ರ ದಶಕದಲ್ಲೇ ಬೇರು ಬಿಟ್ಟಿದೆ. ಯುರೋಪಿನಲ್ಲಿ ಕಾಲಿಗೆ ಸಿಗುವ ಸಾಮಾನ್ಯ ಹುಲ್ಲು ಅದು. ಬೀಜ ಬರುವ ದಾರಿಯೂ ದೊಡ್ಡದೇನಲ್ಲ. ನಮಗೆ ಪಂಚೆಗೆ ಉತ್ರಾಣಿ ಅಂಟಿದ ಹಾಗೆ, ಅಲ್ಲಿಗೆ ಹೋಗುವವರ ಬೂಟು, ಜೇಬು, ಚೀಲದ ಮೂಲೆಯಲ್ಲಿ. 2007-08ರಲ್ಲಿ ಹುಡುಕಿ ನೋಡಿದಾಗ ಬೀಜ ಹೊತ್ತವರ ಬಳಿ ಸರಾಸರಿ ಒಬ್ಬರಿಗೆ 9.5 ಬೀಜ ಸಿಕ್ಕಿದ್ದವು. ಪ್ರವಾಸಿಗಳಿಗಿಂತ ವಿಜ್ಞಾನಿಗಳೇ ಜಾಸ್ತಿ ಹೊತ್ತಿದ್ದರಂತೆ. ಅದನ್ನು ಓದಿ ನನಗೆ ಸ್ವಲ್ಪ ಖುಷಿಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಹಾಗಾಗಿ ನಾನು ಕಟ್ಟಿಕೊಂಡ ಪದ 'ಹಬ್ಬುಗ'. ಹಬ್ಬುವುದು, ಅಷ್ಟೇ. ಯಾರಿಗೆ ನಷ್ಟ ಅನ್ನುವುದು ಪದದೊಳಗೆ ಬೇಡ, ವಾಕ್ಯದಲ್ಲಿ ಬರಲಿ. ಸೀಮೆಹುಳ ಹಬ್ಬಿದರೆ ಹಬ್ಬುಗ, ಹಬ್ಬದಿದ್ದರೆ ಸೀಮೆಹುಳ. ಆದರೆ ನನ್ನ ಹೆಂಡತಿ ಕೇಳಿದ ತಕ್ಷಣ 'ಹಬ್ಬಕ್ಕೆ ಬಂದ ನೆಂಟರಾ?' ಅಂದಳು. ಅಲ್ಲಿಗೆ ನನ್ನ ಧೈರ್ಯ ಅರ್ಧ ಹೋಯಿತು.

ನಿಮ್ಮ ಕಡೆ ಹೊಲ, ತೋಟದಲ್ಲಿ ಇಂಥದ್ದಕ್ಕೆ ಜನ ಬಳಸುವ ಮಾತು ಏನಾದರೂ ಇದೆಯಾ? ನಿಘಂಟಿನ ಪದ ಬೇಡ, ಬಾಯಲ್ಲಿರುವುದು ಬೇಕು. ಮಲೆನಾಡಿನವರು, ಕರಾವಳಿಯವರು ವಿಶೇಷವಾಗಿ ಹೇಳಿ. ಮುಂದಿನ ಗುರುವಾರ ಪುಟಗಳು ಅಚ್ಚಿಗೆ ಹೋಗುತ್ತವೆ. ಅಲ್ಲಿಯವರೆಗೆ ಕರಡಿನಲ್ಲಿ 'ಸೀಮೆಹುಳ' ಇದೆ, ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿಟ್ಟಿದ್ದೇನೆ.